ಮಾಡಿಫೈ ಮಾಡಿಸಿದ ಪಿಕಪ್‌ಗೆ ಡೀಸೆಲ್ ಸರಿಯಾಗಿ ಹೋಗುತ್ತಿಲ್ಲವೇ? ಪಂಪು ಬಿಚ್ಚುವ ಮೊದಲು ಇಷ್ಟು ನೋಡಿ

ಉಜಿರೆಯಲ್ಲಿ ಟೈಲ್ಸ್ ತುಂಬಿಕೊಂಡು ಚಾರ್ಮಾಡಿ ಹತ್ತುತ್ತಿದ್ದೆ. ಅರ್ಧ ಘಾಟಿ ದಾಟಿರಲಿಲ್ಲ, ಗಾಡಿ ಉಸಿರು ಕಟ್ಟಿದ ಹಾಗೆ ಮಾಡಿತು. ಆಕ್ಸಿಲರೇಟರ್ ತುಳಿದಷ್ಟೂ ಆರ್‌ಪಿಎಂ ಇಳಿಯಿತು. ಚೆಕ್ ಲೈಟ್ ಹತ್ತಿತು, ಎಂಜಿನ್ ಆಫ್. ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತು ನಿಮಿಷ ಮಂಜು ನೋಡುತ್ತಾ ಕೂತೆ. ಆಮೇಲೆ ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವಂತೆ ಸ್ಟಾರ್ಟ್ ಆಯಿತು. ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಇದೇ ನಾಟಕ ಇನ್ನೆರಡು ಸಲ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0087 ಅಂತ ಕೋಡ್ ಬಂತು. ಅಂದರೆ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಗಟ್ಟಿ ಕೊಳವೆ) ಪ್ರೆಷರ್ ಕಡಿಮೆ. "ಹೈ ಪ್ರೆಷರ್ ಪಂಪ್ ಹೋಗಿದೆ ಸಾರ್" ಎಂದರು. ಪಂಪು ಬಿಚ್ಚಿಸಿ, ಟೆಸ್ಟ್ ಬೆಂಚಿಗೆ ಕಳಿಸಿದ್ದಾಯಿತು. ಸರಿಯಾಗಿಯೇ ಇದೆ ಅಂತ ವಾಪಸ್ ಬಂತು. ಕೊನೆಗೆ ಸಿಕ್ಕ ಕಳ್ಳ ಯಾರು ಗೊತ್ತಾ? ನಾನೇ ಆಸೆಪಟ್ಟು ಹಾಕಿಸಿದ್ದ ಎರಡನೇ ಟ್ಯಾಂಕಿನ ತಳದಲ್ಲಿ ಓಡಾಡಿಕೊಂಡಿದ್ದ, ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ಚೂರು. ಟ್ಯಾಂಕ್ ಕೂರಿಸುವಾಗ ಸಂದಿಗೆ ಮೆತ್ತಿದ್ದ ಸೀಲಂಟ್ ಡೀಸೆಲ್‌ನಲ್ಲಿ ಉಬ್ಬಿ, ಕಿತ್ತು ಬಂದಿತ್ತು. ಎಂಜಿನ್ ಜೋರಾಗಿ ಎಳೆದಾಗ ಅದು ಪೈಪಿನ ಬಾಯಿಗೆ ಹೋಗಿ ಅಂಟುತ್ತಿತ್ತು. ಎಂಜಿನ್ ನಿಂತರೆ ಎಳೆತವೂ ನಿಲ್ಲುತ್ತಿತ್ತು, ಚೂರು ಬಿಟ್ಟುಕೊಳ್ಳುತ್ತಿತ್ತು. ಹತ್ತು ನಿಮಿಷದ ವಿಶ್ರಾಂತಿಯಿಂದ ಗಾಡಿ ಗುಣವಾಗುತ್ತಿದ್ದ ರಹಸ್ಯ ಇಷ್ಟೇ.

ಕೋಡ್ ಸುಳ್ಳು ಹೇಳಿರಲಿಲ್ಲ. ಪ್ರೆಷರ್ ನಿಜವಾಗಿಯೂ ಕಡಿಮೆ ಇತ್ತು. ಯಾಕೆ ಕಡಿಮೆ ಅಂತ ಅದು ಹೇಳುವುದಿಲ್ಲ, ಅಷ್ಟೇ. ಮಾಡಿಫೈ ಆದ ಗಾಡಿಯಲ್ಲಿ ಹುಡುಕಾಟ ಶುರುವಾಗಬೇಕಾದದ್ದು ಕಂಪನಿ ಹಾಕಿದ ಪಂಪಿನಿಂದ ಅಲ್ಲ, ನಾವು ಕೈ ಹಾಕಿದ ಜಾಗದಿಂದ. ಈಗ ನಮ್ಮ ಕಡೆ ಓಡುವ ಕಾಮನ್ ರೈಲ್ ಪಿಕಪ್‌ಗಳಿಗೆಲ್ಲ ಈ ಕ್ರಮ ಹೊಂದುತ್ತದೆ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಿಗೂ ಮೊದಲ ಅರ್ಧ ಹಾಗೇ ಅನ್ವಯಿಸುತ್ತದೆ.

ಡೀಸೆಲ್ ಹೋಗುವ ದಾರಿ

ಟ್ಯಾಂಕಿನ ತಳದಲ್ಲಿ ಒಂದು ಜರಡಿ. ಅಲ್ಲಿಂದ ಚಾಸಿ ಉದ್ದಕ್ಕೂ ಪೈಪು. ಆಮೇಲೆ ನೀರು ಬೇರೆ ಮಾಡುವ ಫಿಲ್ಟರ್, ಅದರ ಹತ್ತಿರವೇ ಕೈಯಲ್ಲಿ ಒತ್ತಿ ಲೈನಿಗೆ ಡೀಸೆಲ್ ತುಂಬಿಸುವ ಪ್ರೈಮರ್. ಅಲ್ಲಿಂದ ಎಂಜಿನ್ ಮೇಲಿನ ಪಂಪಿಗೆ. ಆ ಪಂಪಿನ ಒಳಗೇ ಒಂದು ಸಣ್ಣ ಫೀಡ್ ಪಂಪ್ ಇದ್ದು, ಅದು ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುತ್ತದೆ. ಎಷ್ಟು ಒಳಗೆ ಬಿಡಬೇಕು ಅಂತ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರಿನ, ಮಾತು ಕೇಳುವ ಮೀಟರಿಂಗ್ ವಾಲ್ವ್ ಇರುತ್ತದೆ. ಗ್ಯಾರೇಜಿನಲ್ಲಿ ಎಸ್‌ಸಿವಿ ಅಂತಲೂ ಕರೆಯುತ್ತಾರೆ. ಅದನ್ನು ದಾಟಿದ ಡೀಸೆಲ್ ನೂರಾರು ಬಾರ್ ಪ್ರೆಷರ್ ಏರಿ ರೈಲಿಗೆ, ರೈಲಿನಿಂದ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೆ. ಮಿಕ್ಕಿದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ.

ಇದರಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ನಿಮ್ಮ ಗಾಡಿಯ ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇದೆಯಾ, ಇಲ್ಲವಾ? ಇದ್ದರೆ ಡೀಸೆಲನ್ನು ಹಿಂದಿನಿಂದ ತಳ್ಳುತ್ತದೆ. ಪೈಪು ಎಲ್ಲಾದರೂ ಸಡಿಲವಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ ಮುಂದಿನಿಂದ ಎಳೆಯುವ ವ್ಯವಸ್ಥೆ. ಇಲ್ಲಿ ಪೈಪು ಸಡಿಲವಾದರೆ ಹೊರಗೆ ಒಂದು ಹನಿಯೂ ಬೀಳದೇ ಇರಬಹುದು. ಬದಲಿಗೆ ಗಾಳಿ ಒಳಗೆ ಹೋಗುತ್ತದೆ. "ಎಲ್ಲೂ ಲೀಕ್ ಇಲ್ಲ ಸಾರ್, ಒಣಗಿದೆ" ಎಂಬ ಮಾತಿಗೆ ಇಂಥ ಗಾಡಿಯಲ್ಲಿ ಅರ್ಥವೇ ಇಲ್ಲ.

ಮೊದಲು ಹೊಗೆ ನೋಡಿ

ಪಿಕಪ್ ಗಾಡಿಗೆ ಪಿಕಪ್ಪೇ ಇಲ್ಲ ಎಂದರೆ ಎಲ್ಲವೂ ಡೀಸೆಲ್ ತೊಂದರೆಯಲ್ಲ. ಲೋಡಿನಲ್ಲಿ ದಮ್ಮಿಲ್ಲ, ಹಿಂದೆ ಕಪ್ಪು ಹೊಗೆ ದಟ್ಟವಾಗಿ ಬರುತ್ತಿದೆ ಎಂದರೆ ಡೀಸೆಲ್ ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ. ಟರ್ಬೊ ಹೋಸ್ ಬಿರುಕು ಬಿಟ್ಟಿದೆಯಾ, ಇಂಟರ್‌ಕೂಲರ್ ಕ್ಲಿಪ್ ಜಾರಿದೆಯಾ ನೋಡಿ. ದಮ್ಮೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಡೀಸೆಲ್ ಕಡೆ ಬನ್ನಿ. ಸ್ಟಾರ್ಟೇ ಆಗದ ಗಾಡಿಗೂ ಇದೇ ಲೆಕ್ಕ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಬೀಳುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲ ಎಂದರೆ ಇಂಜೆಕ್ಟರ್ ಬಾಯಿ ಬಿಟ್ಟೇ ಇಲ್ಲ.

ಯಾವಾಗ ತೊಂದರೆ ಕೊಡುತ್ತದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕು, ಆಮೇಲೆ ದಿನವಿಡೀ ಸರಿ ಎಂದರೆ ರಾತ್ರಿ ಲೈನಿಗೆ ಗಾಳಿ ಸೇರಿ ಡೀಸೆಲ್ ಹಿಂದಕ್ಕೆ ಇಳಿದಿದೆ. ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಮಾತ್ರ ಸೋಲುತ್ತದೆ ಎಂದರೆ ಎಲ್ಲೋ ಕಟ್ಟಿಕೊಂಡಿದೆ. ನಿಂತಲ್ಲೇ ಆರ್‌ಪಿಎಂ ಮೇಲೆ ಕೆಳಗೆ ಆಡುತ್ತಿದ್ದರೆ ಗಾಳಿ, ಇಲ್ಲವೇ ಮೀಟರಿಂಗ್ ವಾಲ್ವ್.

ಚಿಪ್ ತೆಗೆದು ಪಕ್ಕಕ್ಕಿಡಿ

ಇದನ್ನು ಹೇಳಿದರೆ ಮಾಡಿಫೈ ಮಾಡಿಸಿದವರಿಗೆ ಸಿಟ್ಟು ಬರುತ್ತದೆ. ಆದರೂ ಮೊದಲ ಕೆಲಸ ಇದೇ. ಪೇಟೆಯಲ್ಲಿ ಚಿಪ್ ಅಂತ ಸಿಗುವ ಟ್ಯೂನಿಂಗ್ ಬಾಕ್ಸ್‌ಗಳಲ್ಲಿ ಹೆಚ್ಚಿನವು ರೈಲ್ ಪ್ರೆಷರ್ ಸೆನ್ಸರಿಗೂ ಇಸಿಯುಗೂ ನಡುವೆ ಕೂರುತ್ತವೆ. ಅವು ಮಾಡುವ ಕೆಲಸ ಒಂದೇ, ಇಸಿಯುಗೆ ಸುಳ್ಳು ಹೇಳುವುದು. ರೈಲಿನಲ್ಲಿ 1350 ಬಾರ್ ಇದೆ ಎಂದುಕೊಳ್ಳಿ. ಬಾಕ್ಸು ಅದನ್ನು 1200 ಅಂತ ತಿಳಿಸುತ್ತದೆ. ಕಡಿಮೆಯಾಯಿತಲ್ಲ ಅಂತ ಇಸಿಯು ಪಂಪಿಗೆ ಇನ್ನಷ್ಟು ಒತ್ತು ಎನ್ನುತ್ತದೆ. ಪ್ರೆಷರ್ ಏರುತ್ತದೆ, ದಮ್ಮು ಜಾಸ್ತಿಯಾಗುತ್ತದೆ.

ಈಗ ನೀವೇ ಯೋಚಿಸಿ. ಸ್ಕ್ಯಾನರ್ ಓದುವುದು ಇಸಿಯು ಕೇಳಿಸಿಕೊಂಡ ಅಂಕಿಯನ್ನು. ಬಾಕ್ಸ್ ಇಟ್ಟುಕೊಂಡು ಸ್ಕ್ಯಾನರ್ ನೋಡಿದರೆ ಸುಳ್ಳು ಸಾಕ್ಷಿಯ ಮೇಲೆ ತೀರ್ಪು ಕೊಟ್ಟ ಹಾಗೆ, ಅಲ್ವಾ? ಕಂಪನಿ ಸಾಕೆಟ್ಟನ್ನು ನೇರವಾಗಿ ಸೆನ್ಸರಿಗೇ ಹಾಕಿ. ರೀಮ್ಯಾಪ್ ಮಾಡಿಸಿದ್ದರೆ, ಅಂದರೆ ಇಸಿಯು ಒಳಗಿನ ಪ್ರೋಗ್ರಾಮನ್ನೇ ಬದಲಿಸಿದ್ದರೆ, ಮೂಲ ಫೈಲ್ ವಾಪಸ್ ಹಾಕಿಸಿ. ಒಳ್ಳೆಯ ಟ್ಯೂನರ್ ಮೂಲ ಫೈಲನ್ನು ಉಳಿಸಿಕೊಂಡೇ ಇರುತ್ತಾನೆ. ಚಿಪ್ ತೆಗೆದ ಮೇಲೆ ತೊಂದರೆ ಹೋದರೆ ಅರ್ಧ ಉತ್ತರ ಸಿಕ್ಕಿತು. ಸ್ಟಾಕ್ ಪಂಪು, ಸ್ಟಾಕ್ ಫಿಲ್ಟರು ಕೊಡುವುದಕ್ಕಿಂತ ಜಾಸ್ತಿ ಡೀಸೆಲನ್ನು ಚಿಪ್ ಕೇಳುತ್ತಿತ್ತು. ಇಂಜೆಕ್ಟರಿಗೆ ದೊಡ್ಡ ನಾಝಲ್ ಹಾಕಿಸಿದವರಿಗೂ ಇದೇ ಮಾತು. ಜಾಸ್ತಿ ಆರ್‌ಪಿಎಂನಲ್ಲಿ ರೈಲ್ ಪ್ರೆಷರ್ ಕುಸಿದರೆ ಅದು ರಿಪೇರಿ ಮಾಡುವ ಕಾಯಿಲೆಯಲ್ಲ. ಬಿಂದಿಗೆಗೆ ಬರುವ ನೀರಿಗಿಂತ ತೂತು ದೊಡ್ಡದಾಗಿದೆ, ಅಷ್ಟೇ.

ಗಾಜಿನ ಬಾಟಲಿ, ಐದು ಲೀಟರ್ ಕ್ಯಾನ್, ಒಂದು ಮೊಳ ಪೈಪು

ಪಂಪಿಗೆ ಮುಂಚಿನ ಭಾಗಕ್ಕೆ ಇಷ್ಟಿದ್ದರೆ ಸಾಕು. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಗಾಡಿಗಳ ತೊಂದರೆ ಇಲ್ಲೇ ಮುಗಿಯುತ್ತದೆ. ಹಾಗಾಗಿ ಅವಸರ ಬೇಡ.

ಫಿಲ್ಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಲೋಟದಷ್ಟು ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕು ತಾನೇ ಬೆವರುತ್ತದೆ, ಯಾರೂ ಕಲಬೆರಕೆ ಮಾಡಬೇಕಂತಿಲ್ಲ. ಕಪ್ಪು ಲೋಳೆ ಕಂಡರೆ ನೀರಿರುವ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ, ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಮುಖ್ಯವಾದದ್ದು ಇನ್ನೊಂದಿದೆ: ಬಾಟಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ. ಬೆಳ್ಳಿ ಪುಡಿಯ ಹಾಗೆ ಮಿನುಗಿದರೆ ಅಲ್ಲೇ ನಿಲ್ಲಿಸಿ, ಗಾಡಿ ಸ್ಟಾರ್ಟ್ ಮಾಡಬೇಡಿ. ಪಂಪಿನ ಒಳಗಿನ ಲೋಹ ಸವೆದು ರಿಟರ್ನ್ ಮೂಲಕ ಟ್ಯಾಂಕಿಗೆ ಬಂದಿದೆ. ಪಂಪು ಮಾತ್ರ ಬದಲಿಸಿದರೆ ಹೊಸ ಪಂಪಿಗೂ ಇಂಜೆಕ್ಟರಿಗೂ ಅದೇ ಪುಡಿ ಹೋಗುತ್ತದೆ. ಟ್ಯಾಂಕು, ಪೈಪು, ರೈಲು ಎಲ್ಲವನ್ನೂ ಸ್ವಚ್ಛ ಮಾಡಿಸಬೇಕು.

ಡೀಸೆಲ್ ಚೊಕ್ಕವಾಗಿದೆಯಾ? ಹಾಗಾದರೆ ಮುಂದೆ. ಡೀಸೆಲ್ ಮುಚ್ಚಳ ಬಿಚ್ಚಿ. ಬಿಚ್ಚುವಾಗ ಟ್ಯಾಂಕು "ಸುಸ್" ಅಂತ ಗಾಳಿ ಎಳೆದುಕೊಂಡರೆ ಗಾಳಿಕಿಂಡಿ ಕಟ್ಟಿದೆ. ಕೆಸರಿನಲ್ಲಿ ಆಡಿ ಬಂದ ಗಾಡಿಗಳಲ್ಲಿ ಇದು ಮಾಮೂಲು. ಮುಚ್ಚಳ ಸಡಿಲ ಬಿಟ್ಟು ಒಂದು ಸುತ್ತು ಓಡಿಸಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಆಮೇಲೆ ಪಾರದರ್ಶಕ ಪೈಪು. ಫಿಲ್ಟರಿಗೂ ಪಂಪಿಗೂ ನಡುವಿನ ಹೋಸ್ ತೆಗೆದು ಅದೇ ಅಳತೆಯ ಪಾರದರ್ಶಕ ಪೈಪು ಹಾಕಿ ಕ್ಲಿಪ್ ಬಿಗಿ ಮಾಡಿ. ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಗುಳ್ಳೆ ಬರುವುದು ಸಹಜ. ಆಮೇಲೂ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಹಿಡಿಯುತ್ತಿದೆ. ಎಲ್ಲಿ ಅಂತ ಹುಡುಕಲು ಪಾರದರ್ಶಕ ಪೈಪನ್ನು ಒಂದೊಂದೇ ಜೋಡಣೆಯ ಹಿಂದಕ್ಕೆ ಸಾಗಿಸಿ. ಫಿಲ್ಟರಿನ ಮುಂದೆ ಗುಳ್ಳೆ ಇದೆ, ಹಿಂದೆ ಇಲ್ಲ ಎಂದರೆ ಫಿಲ್ಟರಿನ ಓ-ರಿಂಗ್ ಅಥವಾ ಪ್ರೈಮರ್. ನೋಡಿ ಆದ ಕೂಡಲೇ ಈ ಪೈಪು ತೆಗೆದುಬಿಡಿ. ಡೀಸೆಲ್‌ಗೂ ಎಂಜಿನ್ ಶಾಖಕ್ಕೂ ಅದು ಕಟ್ಟಿಗೆಯಂತಾಗಿ ಸೀಳುತ್ತದೆ.

ಗುಳ್ಳೆ ಇಲ್ಲ, ಆದರೂ ದಮ್ಮಿಲ್ಲ ಎಂದರೆ ಕಟ್ಟಿಕೊಂಡಿದೆಯಾ ನೋಡಬೇಕು. ಎಂಜಿನ್ ರೇಸ್ ಮಾಡಿದಾಗ ಪ್ರೈಮರಿನ ರಬ್ಬರ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತಿದ್ದರೆ ಅದರ ಹಿಂದೆ ಅಡ್ಡಿ ಇದೆ. ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಟಿ ಜೋಡಣೆಯಲ್ಲಿ ಪಂಪಿನ ಹತ್ತಿರ ಹಾಕಿ. ಎಳೆಯುವ ವ್ಯವಸ್ಥೆಯಲ್ಲಿ ಕೆಲವೇ ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಬೇಕು. ಆಕ್ಸಿಲರೇಟರ್ ಕೊಟ್ಟಂತೆ ಮುಳ್ಳು 10 ಇಂಚು ದಾಟಿ ಓಡಿದರೆ ಪಂಪು ಬಾಯಾರಿ ಒದ್ದಾಡುತ್ತಿದೆ. ನಿಖರವಾದ ಮಿತಿಗೆ ನಿಮ್ಮ ಗಾಡಿಯ ವರ್ಕ್‌ಶಾಪ್ ಪುಸ್ತಕ ನೋಡಿ.

ಇನ್ನು ಕ್ಯಾನ್ ಪರೀಕ್ಷೆ. ನಾನು ಚಾರ್ಮಾಡಿಯ ಮಾರನೇ ದಿನವೇ ಇದನ್ನು ಮಾಡಿದ್ದರೆ ಪಂಪು ಬಿಚ್ಚುವ ಕೂಲಿ ಉಳಿಯುತ್ತಿತ್ತು. ಐದು ಲೀಟರ್ ಕ್ಯಾನಿನಲ್ಲಿ ಚೊಕ್ಕ ಡೀಸೆಲ್ ತುಂಬಿ. ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರಿನ ಹತ್ತಿರ ಬಿಡಿಸಿ, ಬಾಯಿ ಮುಚ್ಚಿ. ಕ್ಯಾನಿನಿಂದ ಒಂದು ಹೋಸನ್ನು ನೇರವಾಗಿ ಫಿಲ್ಟರಿಗೆ ಕೊಡಿ. ರಿಟರ್ನ್ ಪೈಪು ಟ್ಯಾಂಕಿಗೇ ಇರಲಿ, ಆದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ, ನೆನಪಿರಲಿ. ಕ್ಯಾನನ್ನು ಸೈಲೆನ್ಸರ್, ಟರ್ಬೊ ಶಾಖದಿಂದ ದೂರ ಗಟ್ಟಿಯಾಗಿ ಕಟ್ಟಿ. ಹೀಗೆ ಗಾಡಿ ಚೆನ್ನಾಗಿ ಎಳೆದರೆ ಪಂಪು, ಇಂಜೆಕ್ಟರ್ ಎಲ್ಲ ನಿರಪರಾಧಿಗಳು. ತೊಂದರೆ ಫಿಲ್ಟರಿನ ಹಿಂದೆ, ಟ್ಯಾಂಕಿನವರೆಗಿನ ದಾರಿಯಲ್ಲಿ. ಕ್ಯಾನಿನಲ್ಲೂ ಅದೇ ಗೋಳಾದರೆ ಫಿಲ್ಟರ್ ಬದಲಿಸಿ ಇನ್ನೊಮ್ಮೆ ನೋಡಿ, ಆಮೇಲೆ ಮುಂದಿನ ಭಾಗಕ್ಕೆ ಹೋಗಿ.

ನಾವೇ ಮಾಡಿಕೊಂಡ ಗಾಯಗಳು

ಗಾಡಿ ಎತ್ತರಿಸಿದಾಗ ಹೋಸುಗಳು ಎಳೆದುಕೊಂಡಿರುತ್ತವೆ, ಇಲ್ಲವೇ ಬ್ರಾಕೆಟ್ಟಿಗೆ ಉಜ್ಜುತ್ತಿರುತ್ತವೆ. ಟಾರ್ಚ್ ಹಿಡಿದು ಕೆಳಗೆ ಮಲಗಿ, ಟ್ಯಾಂಕಿನಿಂದ ಎಂಜಿನ್‌ವರೆಗೆ ಕೈಯಾಡಿಸಿ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಬಗ್ಗಿಸಿದಾಗ ಕೂದಲೆಳೆಯ ಬಿರುಕು ಬಾಯಿ ಬಿಡುತ್ತದೆ. ರಿಟರ್ನ್ ಹೋಸನ್ನೂ ಮರೆಯಬೇಡಿ, ಅದು ಮಡಚಿಕೊಂಡರೂ ಎಂಜಿನ್ ಹಠ ಹಿಡಿಯುತ್ತದೆ.

ಎರಡನೇ ಟ್ಯಾಂಕ್ ಹಾಕಿಸುವವರು ಮಾಡುವ ದೊಡ್ಡ ತಪ್ಪು ರಿಟರ್ನಿನದು. ಕಾಮನ್ ರೈಲ್ ಎಂಜಿನ್ ಎಳೆದುಕೊಂಡದ್ದರಲ್ಲಿ ಬಹಳಷ್ಟನ್ನು ವಾಪಸ್ ಕಳಿಸುತ್ತದೆ. ಎಳೆಯುವುದು ಎರಡನೇ ಟ್ಯಾಂಕಿನಿಂದ, ವಾಪಸ್ ಮೊದಲ ಟ್ಯಾಂಕಿಗೆ ಎಂದಾದರೆ ಒಂದು ತುಂಬಿ ಚೆಲ್ಲುತ್ತದೆ, ಇನ್ನೊಂದು ಖಾಲಿಯಾಗಿ ಗಾಳಿ ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸುವ ವಾಲ್ವ್ ಬೇಕು. ಟ್ಯಾಂಕಿನ ಒಳಗೆ ಸಾಮಾನ್ಯ ಸಿಲಿಕಾನ್ ಬೇಡವೇ ಬೇಡ; ನನ್ನ ಕಥೆ ಆಗಲೇ ಕೇಳಿದಿರಿ. ಅಂದ ಹಾಗೆ, ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆರ್‌ಸಿ, ಇನ್ಶೂರೆನ್ಸ್ ಎರಡನ್ನೂ ಯೋಚಿಸಿಯೇ ಕೈ ಹಾಕಿ.

ಹೆಚ್ಚುವರಿ ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೆ ಅದರ ವಯರಿಂಗ್ ಮೇಲೆ ಅನುಮಾನ ಇರಲಿ. ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಲ್ಲಿ ಎಷ್ಟು, ಪಂಪಿನ ಸಾಕೆಟ್ಟಿನಲ್ಲಿ ಎಷ್ಟು ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ತಂತಿ ಸಣ್ಣದು, ಇಲ್ಲವೇ ಅರ್ಥಿಂಗ್ ಸರಿಯಿಲ್ಲ. ಪೇಂಟ್ ಮೇಲೆಯೇ ಅರ್ಥ್ ಬೋಲ್ಟ್ ಬಿಗಿದ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪೆಟ್ರೋಲ್ ಕಾರಿನ ಇಂಜೆಕ್ಷನ್ ಪಂಪನ್ನು ತಂದು ಕೂರಿಸುವ ಜಾಣರೂ ಇದ್ದಾರೆ. ಎಳೆಯುವ ವ್ಯವಸ್ಥೆಯ ಪಂಪಿಗೆ ಹಿಂದಿನಿಂದ ಅಷ್ಟು ಪ್ರೆಷರ್ ಕೊಟ್ಟರೆ ಸೀಲು ಕಿತ್ತುಬರಬಹುದು.

ಇಲ್ಲಿಂದ ಮುಂದೆ ಕೈ ದೂರ

ಹಳೇ ಡೀಸೆಲ್ ಗಾಡಿಯಲ್ಲಿ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ನೋಡಲು, ಎಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುತ್ತಿದ್ದರು. ಅನುಭವಿ ಮೇಸ್ತ್ರಿಗಳ ಕೈಗೆ ಈ ಅಭ್ಯಾಸ ಇನ್ನೂ ಅಂಟಿಕೊಂಡಿದೆ. ಕಾಮನ್ ರೈಲಿನಲ್ಲಿ ಇದನ್ನು ಯಾವತ್ತೂ ಮಾಡಬೇಡಿ, ಮಾಡಲು ಬಿಡಬೇಡಿ. ಸುಮ್ನೆ ನಿಂತು ಓಡುವಾಗಲೇ ರೈಲಿನಲ್ಲಿ 250ರಿಂದ 350 ಬಾರ್ ಇರುತ್ತದೆ, ಲೋಡಿನಲ್ಲಿ 1600 ಬಾರ್ ದಾಟುವ ಎಂಜಿನ್‌ಗಳಿವೆ. ಕಾರಿನ ಟೈರಿಗೆ ನಾವು ತುಂಬುವ ಗಾಳಿ ಎರಡು, ಮೂರು ಬಾರ್ ಆಸುಪಾಸು. ಸೂಜಿಯಂತೆ ಹಾರುವ ಡೀಸೆಲ್ ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಕಡಿಮೆ. ಒಳಗೆ ಮಾಂಸ ಸಾಯುತ್ತಿರುತ್ತದೆ. ಹೀಗಾದರೆ ಅರಿಶಿನ ಹಚ್ಚಿ ಕೂರುವಂತಿಲ್ಲ, ತಕ್ಷಣ ದೊಡ್ಡಾಸ್ಪತ್ರೆಗೆ ಓಡಬೇಕು. "ಹೈ ಪ್ರೆಷರ್ ಡೀಸೆಲ್ ಚರ್ಮದೊಳಗೆ ಹೋಗಿದೆ" ಅಂತ ಡಾಕ್ಟರಿಗೆ ಬಿಡಿಸಿ ಹೇಳಬೇಕು. ಎಂಜಿನ್ ಆಫ್ ಮಾಡಿದ ಮೇಲೂ ಹತ್ತು ನಿಮಿಷ ಬಿಟ್ಟೇ ಈ ಕಡೆ ಕೈ ಹಾಕಿ.

ಹಾಗಾದರೆ ಪ್ರೆಷರ್ ತಿಳಿಯುವುದು ಹೇಗೆ? ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಎರಡು ಸಾಲು ಇಟ್ಟುಕೊಳ್ಳಿ: ಇಸಿಯು ಕೇಳುವ ರೈಲ್ ಪ್ರೆಷರ್, ನಿಜಕ್ಕೂ ಸಿಗುತ್ತಿರುವ ರೈಲ್ ಪ್ರೆಷರ್. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಲೋಡ್ ಹಾಕಿ ಏರು ಹತ್ತಿಸಿ. ನಿಂತ ಗಾಡಿಯಲ್ಲಿ ರೇಸ್ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡೂ ಅಂಕಿ ಜೊತೆಜೊತೆಗೆ ಏರಿಳಿದರೆ ಡೀಸೆಲ್ ಕಡೆ ತೊಂದರೆ ಇಲ್ಲ. ಕೇಳುವುದು ಏರುತ್ತಾ ಹೋಗಿ ಸಿಗುವುದು ಹಿಂದೆ ಬಿದ್ದರೆ ಕೊರತೆ ಇದೆ. ಸಿಗುವ ಅಂಕಿ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಗಾಳಿ ಇಲ್ಲ ಅಂತ ಆಗಲೇ ಖಚಿತವಾಗಿದ್ದರೆ, ಮೀಟರಿಂಗ್ ವಾಲ್ವ್ ಅಂಟುತ್ತಿದೆ. ಡೆನ್ಸೊ ಕಂಪನಿಯ ಪಂಪುಗಳಲ್ಲಿ ಈ ವಾಲ್ವ್ ಬಿಡಿಯಾಗಿಯೇ ಸಿಗುತ್ತದೆ, ಇಡೀ ಪಂಪು ಬದಲಿಸಬೇಕಿಲ್ಲ. ಹಾಕಿದ ಮೇಲೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರಿನಿಂದ ಹೊಸದಾಗಿ ಕಲಿಸಬೇಕಾಗುತ್ತದೆ.

ಕೊರತೆ ಇದೆ, ಹಿಂದಿನ ದಾರಿ ಎಲ್ಲ ಚೊಕ್ಕ ಎಂದಾದರೆ ಇಂಜೆಕ್ಟರ್ ರಿಟರ್ನ್ ಅಳೆಯಿರಿ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪು ಬಿಡಿಸಿ, ಒಂದೊಂದಕ್ಕೂ ಒಂದೊಂದು ಸಣ್ಣ ಬಾಟಲಿ ಕೊಡಿ. ಟೆಸ್ಟ್ ಕಿಟ್ ಇಲ್ಲದಿದ್ದರೆ ಗ್ಲೂಕೋಸ್ ಹಾಕುವ ಪೈಪು ಒಂದು ಸಲಕ್ಕೆ ನಡೆಯುತ್ತದೆ. ಎರಡು ನಿಮಿಷ ಎಂಜಿನ್ ಓಡಿಸಿ. ಮೂರರಲ್ಲಿ ಒಂದೇ ಮಟ್ಟ, ನಾಲ್ಕನೆಯದರಲ್ಲಿ ಅದರ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಪ್ರೆಷರ್ ಸೋರಿಸುತ್ತಿದೆ. ನಾಲ್ಕೂ ಸರಿಯಿದ್ದರೆ ರೈಲಿನ ತುದಿಯಲ್ಲಿರುವ, ಪ್ರೆಷರ್ ಮಿತಿ ಮೀರಿದರೆ ಮಾತ್ರ ತೆರೆಯುವ ಪ್ರೆಷರ್ ಲಿಮಿಟರ್ ರಿಟರ್ನನ್ನೂ ಹೀಗೇ ನೋಡಿ. ಮಾಮೂಲಿ ಓಟದಲ್ಲಿ ಅಲ್ಲಿಂದ ಡೀಸೆಲ್ ಬರಲೇಬಾರದು. ಚಿಪ್ ಹಾಕಿ ವರ್ಷಗಟ್ಟಲೆ ಓಡಿಸಿದ ಗಾಡಿಯಲ್ಲಿ ಈ ಲಿಮಿಟರ್ ಪದೇ ಪದೇ ಬಾಯಿ ಬಿಟ್ಟು ಸ್ಪ್ರಿಂಗ್ ಸೋತಿರುತ್ತದೆ. ಇಷ್ಟೆಲ್ಲ ಆದ ಮೇಲೂ ಉಳಿದರೆ ಆಗ ಪಂಪಿನ ಸರದಿ. ಟೆಸ್ಟ್ ಬೆಂಚಿಗೆ ಧೈರ್ಯವಾಗಿ ಕಳಿಸಿ.

ವಾಪಸ್ ಜೋಡಿಸುವಾಗ

ಬಿಚ್ಚಿದ ಕಡೆ ಹಳೇ ತಾಮ್ರದ ವಾಷರ್ ಮತ್ತೆ ಹಾಕಬೇಡಿ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಹಾಕುವ ಅಭ್ಯಾಸವನ್ನೂ ಬಿಡಿ. ನಡುವಿನ ತೂತಿಗೆ ಬಿದ್ದದ್ದು ಸೋಸದೆಯೇ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರ್ ಹಾಕಿ ಪ್ರೈಮರ್ ಒತ್ತಿದರಾಯಿತು, ಹೆಬ್ಬೆರಳು ಸ್ವಲ್ಪ ನೋಯುತ್ತದೆ ಅಷ್ಟೇ.

ತೊಂದರೆ ಸಿಕ್ಕ ಖುಷಿಗೆ ಎಲ್ಲ ಮಾಡಿಫಿಕೇಶನ್ನನ್ನೂ ಒಂದೇ ದಿನ ವಾಪಸ್ ಹಾಕಬೇಡಿ. ಸ್ಟಾಕ್ ಆಗಿಯೇ ಅದೇ ಲೋಡು, ಅದೇ ಏರು ಹತ್ತಿಸಿ, ಎರಡೂ ಅಂಕಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಒಂದು ಹಾಕಿ, ನಾಲ್ಕು ದಿನ ಓಡಿಸಿ, ಮತ್ತೆ ಅದೇ ಅಂಕಿ ನೋಡಿ, ಇನ್ನೊಂದು ಹಾಕಿ. ನೂರು ಕಿಲೋಮೀಟರ್ ಆದ ಮೇಲೆ ಹೋಸ್ ಕ್ಲಿಪ್‌ಗಳನ್ನು ಒಮ್ಮೆ ಮುಟ್ಟಿ ನೋಡಿ, ಹೊಸ ರಬ್ಬರ್ ಕೂತ ಮೇಲೆ ಅರ್ಧ ಸುತ್ತು ಬಿಗಿ ಕೇಳುತ್ತದೆ. ಚಿಪ್ ಎಲ್ಲಕ್ಕಿಂತ ಕೊನೆಗೆ. ನನ್ನದು ಇನ್ನೂ ಮನೆಯ ಡ್ರಾಯರಿನಲ್ಲೇ ಇದೆ. ಆಮೇಲೂ ಟೈಲ್ಸ್ ತಂದಿದ್ದೇನೆ, ಸಿಮೆಂಟೂ ತಂದಿದ್ದೇನೆ. ಗಾಡಿ ಚಾರ್ಮಾಡಿಯನ್ನು ಅದಿಲ್ಲದೆಯೇ ಹತ್ತುತ್ತಿದೆ.